ಹಾಫ್-ಲೈಫ್ 2ರ ಕೋಡ್ ಕಳವಾದಾಗ ನಾವು ಸಿಟ್ಟಾಗಿದ್ದು ಯಾರ ಮೇಲೆ?

ಹಳೆಯ ಮೌಸು ಬರೆದರು:

ಕಳೆದ ಭಾನುವಾರ ಅಕ್ಕನ ಮಗ ಮನೆಗೆ ಬಂದಿದ್ದ. ಊಟವಾದ ಮೇಲೆ, ಇನ್ನೂ ಬಿಡುಗಡೆಯಾಗದ ಯಾವುದೋ ಗೇಮಿನಿಂದ ಕದ್ದು ಹರಿಬಿಟ್ಟ ತುಣುಕುಗಳನ್ನು ಮೊಬೈಲಿನಲ್ಲಿ ತೋರಿಸಿ, "ಮಾಮ, ಇಷ್ಟು ವರ್ಷ ಕೂತು ಇವರು ಮಾಡಿದ್ದು ಇಷ್ಟೇನಾ?" ಎಂದು ನಕ್ಕ. ಅವನನ್ನು ಗದರಿಸಲು ಬಾಯಿ ತೆರೆದವನು ಹಾಗೆಯೇ ಸುಮ್ಮನಾದೆ. 2003ರ ಅಕ್ಟೋಬರಿನಲ್ಲಿ ನಾನೂ ಹೆಚ್ಚುಕಡಿಮೆ ಇದೇ ಮಾತನ್ನು ಆಡಿದ್ದೆ.

ನೆನಪಿರುವವರಿಗೆ ವಿವರಿಸಬೇಕಾಗಿಲ್ಲ; ಉಳಿದವರಿಗಾಗಿ ಹೇಳುತ್ತೇನೆ. ಆ ವರ್ಷದ ಮೇ ತಿಂಗಳಲ್ಲಿ ಲಾಸ್ ಏಂಜಲೀಸಿನ ಇ3 ಎಂಬ ವಿಡಿಯೊ ಗೇಮ್ ಮೇಳದಲ್ಲಿ ವಾಲ್ವ್ ಕಂಪನಿಯು ಹಾಫ್-ಲೈಫ್ 2 ಗೇಮನ್ನು ಪ್ರದರ್ಶಿಸಿ, ಸೆಪ್ಟೆಂಬರ್ 30ರಂದು ಬಿಡುಗಡೆ ಎಂದು ಸಾರಿತು. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನಾವು ನಾಲ್ವರು ಗೆಳೆಯರು, ದುರ್ಗಿಗುಡಿಯ ಸೈಬರ್ ಕೆಫೆಯೊಂದರಲ್ಲಿ ಎರಡು ಸಂಜೆ ಕುಳಿತು ಆ ಪ್ರದರ್ಶನದ ವಿಡಿಯೊ ಇಳಿಸಿಕೊಂಡು, ಅದರಲ್ಲಿ ಮರದ ಹಲಗೆ ನೀರಿನ ಮೇಲೆ ತೇಲುವುದನ್ನು ನೋಡಿಯೇ ಬೆರಗಾಗಿದ್ದೆವು. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಬಿಡುಗಡೆ ಮುಂದೆ ಹೋಯಿತೆಂಬ ಸುದ್ದಿ ಬಂತು. ಅದಾಗಿ ಹೆಚ್ಚು ದಿನ ಕಳೆಯುವ ಮೊದಲೇ ಗೇಮಿನ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮರುಗಳು ಬರೆದ ಮೂಲ ಬರಹ, ಅಂತರ್ಜಾಲದಲ್ಲಿ ಓಡಾಡತೊಡಗಿತು. ಅಕ್ಟೋಬರ್ 2ರಂದು ಕಂಪನಿಯ ಮುಖ್ಯಸ್ಥ ಗೇಬ್ ನ್ಯೂವೆಲ್ ಅವರು ಅಭಿಮಾನಿಗಳ ತಾಣವೊಂದಕ್ಕೆ ತಾವೇ ಬಂದು, ಕೋಡ್ ನಮ್ಮದೇ, ಅದು ಕಳವಾಗಿದೆ, ಕಳ್ಳನನ್ನು ಹುಡುಕಲು ನೆರವಾಗಿ ಎಂದು ಬರೆದರು.

ಆ ದಿನಗಳನ್ನು ಕಂಡವರಿಗೆ ನನ್ನ ಪ್ರಶ್ನೆ ಇಷ್ಟೇ: ಆಗ ನಿಮಗೆ ಸಿಟ್ಟು ಬಂದದ್ದು ಯಾರ ಮೇಲೆ, ಕದ್ದವನ ಮೇಲೋ, ಸೆಪ್ಟೆಂಬರ್ 30 ಎಂದು ನಂಬಿಸಿದ ಕಂಪನಿಯ ಮೇಲೋ? ಕದ್ದ ಮಾಲನ್ನು ತೆರೆದು ನೋಡಿದ ಅಭಿಮಾನಿಯನ್ನು ಏನೆಂದು ಕರೆಯಬೇಕು?

ತುಂಗಾತೀರ:

ಕಂಪನಿಯ ಮೇಲೆ. ಇದರಲ್ಲಿ ನನಗೆ ಅಂದೂ ಸಂಶಯವಿರಲಿಲ್ಲ, ಇಂದೂ ಇಲ್ಲ. ಸೆಪ್ಟೆಂಬರ್ 30ಕ್ಕೆ ಸಿದ್ಧವಾಗುವ ಗೇಮ್ ಹೇಗಿರಬೇಕು ಎಂಬುದು ಸಾಮಾನ್ಯ ಓದುಗನಿಗೂ ಊಹೆಗೆ ನಿಲುಕುತ್ತದೆ. ಹೊರಬಿದ್ದ ಕೋಡ್ ಮತ್ತು ಅದರ ಹಿಂದೆಯೇ ಬಂದ ಆಡಬಹುದಾದ ಆವೃತ್ತಿ ಆ ಸ್ಥಿತಿಯ ಹತ್ತಿರವೂ ಇರಲಿಲ್ಲ. ಅಂದರೆ ಮೇ ತಿಂಗಳಲ್ಲಿ ದಿನಾಂಕ ಹೇಳುವಾಗಲೇ ಅದು ಆಗದ ಕೆಲಸವೆಂದು ಒಳಗಿನವರಿಗೆ ಗೊತ್ತಿರಬೇಕಿತ್ತು. ಕೊನೆಗೆ ಗೇಮ್ ಬಂದದ್ದು 2004ರ ನವೆಂಬರ್ 16ರಂದು, ಕೊಟ್ಟ ಮಾತಿಗಿಂತ ಹದಿಮೂರೂವರೆ ತಿಂಗಳು ತಡವಾಗಿ.

ಅಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಪ್ರಕಾಶಕರಾದ ವಿವೆಂಡಿಯವರು ಕಳವಿನ ಕಾರಣವನ್ನೇ ಮುಂದೊಡ್ಡಿ ಏಪ್ರಿಲ್‌ವರೆಗೆ ಕಾಯಬೇಕಾಗಬಹುದು ಎಂದಾಗ ಮೈ ಉರಿದಿತ್ತು. ತಡವಾದದ್ದು ತಮ್ಮ ಕೆಲಸ ಮುಗಿಯದೆ. ದೂರು ಮಾತ್ರ ಕಳ್ಳನ ತಲೆಗೆ.

ಒಂದೇ ಸಾಲು:

ಕಳ್ಳ ಕನ್ನ ಹಾಕಿದ್ದರಿಂದ, ಸಾಹುಕಾರರ ತಿಜೋರಿ ಖಾಲಿ ಇತ್ತೆಂಬುದು ಊರಿಗೆಲ್ಲ ತಿಳಿಯಿತು.

ಬೈಟು ಕಾಫಿ:

ತುಂಗಾತೀರ ಅವರೇ, ಮನೆ ಕಟ್ಟುವ ಮುಂಚೆ ಗೃಹಪ್ರವೇಶದ ಆಮಂತ್ರಣ ಹಂಚಿದ್ದು ತಪ್ಪು ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಕಳವು ಹೇಗೆ ನಡೆಯಿತೆಂಬುದನ್ನು ಒಮ್ಮೆ ನೋಡಿ, ಆಮೇಲೆ ಸಿಟ್ಟನ್ನು ಹಂಚೋಣ. ನ್ಯೂವೆಲ್ ಅವರ ಬರಹದ ಪ್ರಕಾರ, ಸೆಪ್ಟೆಂಬರ್ 11ರ ಆಸುಪಾಸಿನಿಂದಲೇ ಯಾರೋ ಅವರ ಮಿಂಚಂಚೆಯನ್ನು ಓದುತ್ತಿದ್ದರು. ಅವರ ಕಂಪ್ಯೂಟರ್ ವಿಚಿತ್ರವಾಗಿ ನಡೆದುಕೊಳ್ಳತೊಡಗಿತು; ಪ್ರೋಗ್ರಾಮ್ ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ, ಫೈಲುಗಳನ್ನು ತೋರಿಸುವ ಎಕ್ಸ್‌ಪ್ಲೋರರ್ ತಂತ್ರಾಂಶವೇ ಕುಸಿಯುತ್ತಿತ್ತು. ಅವರು ಡಿಸ್ಕನ್ನು ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಕೊಂಡರು. ಅಷ್ಟರಲ್ಲಿ ಹಲವು ಯಂತ್ರಗಳಲ್ಲಿ, ಒತ್ತಿದ ಕೀಲಿಗಳನ್ನೆಲ್ಲ ದಾಖಲಿಸುವ ತಂತ್ರಾಂಶ ಸೇರಿಕೊಂಡಿತ್ತು. ಔಟ್‌ಲುಕ್‌ನಲ್ಲಿ ಅಂಚೆಯನ್ನು ತೆರೆಯದೆಯೇ ಮುನ್ನೋಟ ತೋರಿಸುವ ಸೌಲಭ್ಯದ ದೋಷವೊಂದರ ಮೂಲಕ ಅದು ಒಳಬಂದಿರಬಹುದೆಂದು ಅವರು ಶಂಕಿಸಿದ್ದರು. ಸೆಪ್ಟೆಂಬರ್ 19ರ ಹೊತ್ತಿಗೆ ಯಾರೋ ಇಡೀ ಕೋಡಿನ ನಕಲು ಮಾಡಿಕೊಂಡಿದ್ದರು.

ಪ್ರೋಗ್ರಾಮರ್ ಆದವನಿಗೆ ಇದನ್ನು ಓದಿದರೆ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ. ಕೋಡ್ ಹೋದ ನಷ್ಟ ಒಂದು ಕಡೆಗಿರಲಿ, ತಾನು ಟೈಪು ಮಾಡಿದ ಪ್ರತಿಯೊಂದು ಅಕ್ಷರವನ್ನೂ ಇನ್ನೊಬ್ಬ ಓದುತ್ತಿದ್ದ ಎಂಬುದು ಬೇರೆಯೇ ಬಗೆಯ ಅವಮಾನ. ಅದನ್ನು ಬಚ್ಚಿಡದೆ, ನಮ್ಮ ಬೀಗ ಹೀಗೆ ಮುರಿಯಿತು ಎಂದು ಹೊರಗಿನವರೆದುರು ಬರೆದುಕೊಂಡ ಕಂಪನಿ ಮುಖ್ಯಸ್ಥರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ತುಂಗಾತೀರ:

ಬೀಗ ಎಂದಿರಲ್ಲ, ಬೀಗ ಎಲ್ಲಿತ್ತು ಸ್ವಾಮಿ? ಒಳನುಗ್ಗಿದ ಜರ್ಮನ್ ಯುವಕ ಮುಂದೆ ಸಂದರ್ಶನದಲ್ಲಿ ಹೇಳಿಕೊಂಡಂತೆ, ಒಳಗಿನ ಒಂದು ಖಾತೆಗೆ ಪಾಸ್‌ವರ್ಡ್ ಎಂಬುದೇ ಇರಲಿಲ್ಲ.

ಬೈಟು ಕಾಫಿ:

ಅದು ಅವನ ಹೇಳಿಕೆ. ನಿಜವೇ ಆಗಿದ್ದರೂ, ಕದ ತೆರೆದಿತ್ತೆಂಬ ಕಾರಣಕ್ಕೆ ಒಳಗೆ ನುಗ್ಗಿದವನನ್ನು ಅತಿಥಿ ಎನ್ನಲಾಗದು.

ಹೊರನಾಡು:

ನಾನು ಆಗ ವಾಷಿಂಗ್ಟನ್ ರಾಜ್ಯದ ರೆಡ್ಮಂಡಿನಲ್ಲಿದ್ದೆ. ವಾಲ್ವ್ ಕಚೇರಿ ಅಲ್ಲಿಗೆ ಹತ್ತಿರದಲ್ಲೇ ಇತ್ತು. ಆಗ ಎಟಿಐ ಕಂಪನಿಯು ರೇಡಿಯಾನ್ 9800 ಎಕ್ಸ್‌ಟಿ ಮತ್ತು 9600 ಎಕ್ಸ್‌ಟಿ ಗ್ರಾಫಿಕ್ಸ್ ಕಾರ್ಡುಗಳ ಜೊತೆಗೆ ಹಾಫ್-ಲೈಫ್ 2ರ ಕೂಪನ್ ಕೊಡುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ್ದ ನಾನು, ಊರಿಗೆ ಹಣ ಕಳುಹಿಸುವುದು ಒಂದು ತಿಂಗಳು ತಡವಾದರೂ ಆಗಲಿ ಎಂದು ಆ ಕಾರ್ಡನ್ನು ಕೊಂಡೆ. (ಅಮ್ಮ ಇದನ್ನು ಓದುವುದಿಲ್ಲವೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ.) ಇಲ್ಲದ ಗೇಮಿನ ಕೂಪನ್ ಒಂದು ವರ್ಷಕ್ಕೂ ಹೆಚ್ಚು ಕಾಲ ನನ್ನ ಮೇಜಿನ ಖಾನೆಯಲ್ಲಿ ಕೂತಿತ್ತು. ಹಾಗಾಗಿ ತುಂಗಾತೀರ ಅವರ ಸಿಟ್ಟಿಗೆ ನನ್ನ ಸಹಿಯೂ ಇದೆ ಎಂದು ತಿಳಿಯಬಹುದು.

ಆದರೆ ಒಂದು ತಿದ್ದುಪಡಿ. ಬಿಡುಗಡೆ ಮುಂದೂಡಿದ ಪ್ರಕಟಣೆ ಹೊರಬಿದ್ದದ್ದು ಕೋಡ್ ಬಯಲಾಗುವ ಮೊದಲು. ಕಳವಿನಿಂದಲೇ ತಡವಾಯಿತು ಎಂಬ ಮಾತು ಹೇಗೆ ಪೂರ್ತಿ ನಿಜವಲ್ಲವೋ, ಕಳವಿನಿಂದ ಏನೂ ತಡವಾಗಲಿಲ್ಲ ಎಂಬ ಮಾತೂ ಹಾಗೆಯೇ ಪೂರ್ತಿ ನಿಜವಲ್ಲ. ಅಂತರ್ಜಾಲದ ಮೂಲಕ ಗೇಮುಗಳನ್ನು ತಲುಪಿಸುವ ವಾಲ್ವ್‌ನ ಸ್ಟೀಮ್ ಸೇವೆ ಅದೇ ಸೆಪ್ಟೆಂಬರ್ 12ರಂದು ಶುರುವಾಗಿತ್ತು. ಕೋಡ್ ಹೊರಬಿದ್ದರೆ ಅದರಲ್ಲಿ ಆನ್‌ಲೈನ್ ಆಟಕ್ಕೆ ಸಂಬಂಧಿಸಿದ ಯಾವ ಯಾವ ಗುಟ್ಟು ಬಯಲಾಗಿದೆ, ಮೋಸದಾಟಕ್ಕೆ ಎಲ್ಲೆಲ್ಲಿ ದಾರಿಯಾಗುತ್ತದೆ ಎಂದು ಪ್ರತಿಯೊಂದು ಸಾಲನ್ನೂ ಅನುಮಾನದಿಂದ ನೋಡಬೇಕಾಗುತ್ತದೆ. ಕೆಲಸ ಮುಗಿಯದೆ ಹಗಲುರಾತ್ರಿ ಕುಳಿತವರಿಗೆ ಆ ಹೊತ್ತಿನಲ್ಲಿ ಇದೂ ಸೇರಿಕೊಂಡಿತು.

ನಿದ್ದೆಗೇಡಿ:

ಹಿರಿಯರೆಲ್ಲ ಕ್ಷಮಿಸಬೇಕು, 2003ರಲ್ಲಿ ನಾನು ಹುಟ್ಟಿರಲೇ ಇಲ್ಲ. ಆದರೂ ಒಂದು ಮಾತು ಕೇಳುತ್ತೇನೆ. ಕದ್ದವನು ತಪ್ಪಿತಸ್ಥ, ಸರಿ. ಬಯಲಿಗೆ ಬಿದ್ದ ಮೇಲೆ ನೋಡಿದವನದ್ದೇನು ತಪ್ಪು? 2022ರ ಸೆಪ್ಟೆಂಬರ್ 18ರಂದು ಇನ್ನೂ ತಯಾರಾಗುತ್ತಿದ್ದ ಜಿಟಿಎ 6 ಗೇಮಿನ ಸುಮಾರು 90 ತುಣುಕುಗಳು ಹೊರಬಂದಾಗ ನಾನು ಎಲ್ಲವನ್ನೂ ಒಂದೇ ರಾತ್ರಿಯಲ್ಲಿ ನೋಡಿದೆ. ಅದರಿಂದ ಆ ಗೇಮು ಮಾಡುವ ರಾಕ್‌ಸ್ಟಾರ್ ಕಂಪನಿ ಮುಳುಗಿತೇ? 2023ರ ಡಿಸೆಂಬರಿನಲ್ಲಿ ಮೊದಲ ಟ್ರೈಲರ್ ಬಂದಾಗ 24 ಗಂಟೆಗಳಲ್ಲಿ ಯೂಟ್ಯೂಬಿನಲ್ಲಿ 9 ಕೋಟಿಗೂ ಹೆಚ್ಚು ವೀಕ್ಷಣೆಗಳಾದವು. ಕಾಯುವವರ ಹಸಿವು ಸೋರಿಕೆಯಿಂದ ಹೆಚ್ಚಾಯಿತೇ ಹೊರತು ಇಂಗಲಿಲ್ಲ. ನಾನು ನೋಡಿದ್ದರಿಂದ ಕಂಪನಿಯ ಒಂದು ರೂಪಾಯಿಯೂ ಕಡಿಮೆಯಾಗಿಲ್ಲ.

ಒಂದೇ ಸಾಲು:

ತಮ್ಮಾ, ಮದುವೆ ಮನೆಯ ಲಡ್ಡು ಕದ್ದು ತಿಂದವನೂ ಊಟಕ್ಕೆ ಎಲೆ ಕಡಿಮೆಯಾಗಲಿಲ್ಲವಲ್ಲ ಎಂದೇ ಹೇಳುತ್ತಾನೆ.

ಕಪ್ಪುಕೋಟು:

ಧಾರವಾಡದಲ್ಲಿ ವಕೀಲಿ ಮಾಡುವವನು ನಾನು. ಗೇಮುಗಳ ಬಗ್ಗೆ ನನಗೆ ತಿಳಿದಿರುವುದು ಮಕ್ಕಳು ಜಗಳವಾಡುವಷ್ಟು ಮಾತ್ರ. ಆದರೆ ನೋಡಿದ್ದರಲ್ಲಿ ತಪ್ಪೇನು ಎಂಬ ಪ್ರಶ್ನೆಗೆ ಕಾನೂನಿನ ಕಡೆಯಿಂದ ಎರಡು ಮಾತು ಹೇಳಬಹುದು. ಮೇಲಿನ ಎರಡೂ ಪ್ರಕರಣಗಳು ಹೊರದೇಶದವು. ನಮ್ಮಲ್ಲಿ ಹೀಗಾದರೆ ಏನೆಂಬುದನ್ನಷ್ಟೇ ಹೇಳುತ್ತಿದ್ದೇನೆ. ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ್ದು. 2008ರ ತಿದ್ದುಪಡಿಯಲ್ಲಿ ಸೇರಿದ 43ನೇ ಕಲಮಿನ (ಜೆ) ಉಪಕಲಮು, ಹಾನಿ ಮಾಡುವ ಉದ್ದೇಶದಿಂದ ಸೋರ್ಸ್ ಕೋಡನ್ನು ಕದಿಯುವುದನ್ನು ಹೆಸರಿಟ್ಟೇ ಹೇಳುತ್ತದೆ. ಅದನ್ನು ಅಪ್ರಾಮಾಣಿಕವಾಗಿ ಇಲ್ಲವೇ ವಂಚನೆಯಿಂದ ಮಾಡಿದರೆ 66ನೇ ಕಲಮಿನಡಿ ಶಿಕ್ಷೆಯಿದೆ. 66-ಬಿ ಎಂಬುದು ಕದ್ದ ಕಂಪ್ಯೂಟರ್ ಸಂಪನ್ಮೂಲವನ್ನು, ಕದ್ದದ್ದೆಂದು ತಿಳಿದೂ ಅಪ್ರಾಮಾಣಿಕವಾಗಿ ಪಡೆದು ಇಟ್ಟುಕೊಂಡವರಿಗೆ ಸಂಬಂಧಿಸಿದ್ದು.

ಯೂಟ್ಯೂಬಿನಲ್ಲಿ ತುಣುಕು ನೋಡಿದ ಹುಡುಗನ ಮನೆಗೆ ಪೊಲೀಸರು ಬರುತ್ತಾರೆಂದು ನಾನು ಹೆದರಿಸುತ್ತಿಲ್ಲ. ಆದರೆ ಕೋಡನ್ನು ಇಳಿಸಿ ಡಿಸ್ಕಿನಲ್ಲಿಟ್ಟುಕೊಂಡು ನಾಲ್ಕು ಜನರಿಗೆ ಹಂಚಿದವನು, ನಾನು ಬರೀ ಅಭಿಮಾನಿ ಎಂದರೆ, ಅಭಿಮಾನವು ವಿನಾಯಿತಿಯೆಂದು ಕಾಯ್ದೆಯಲ್ಲಿ ಎಲ್ಲಿಯೂ ಬರೆದಿಲ್ಲ.

ಬೈಟು ಕಾಫಿ:

ವಕೀಲರೇ, 65ನೇ ಕಲಮು ಸೋರ್ಸ್ ಕೋಡಿಗೇ ಮೀಸಲಲ್ಲವೇ? ಅದನ್ನೇಕೆ ಬಿಟ್ಟಿರಿ?

ಕಪ್ಪುಕೋಟು:

ಬೇಕೆಂದೇ ಬಿಟ್ಟೆ. ಕಾನೂನಿನ ಪ್ರಕಾರ ಕಾಪಾಡಿಕೊಂಡು ಬರಬೇಕಾದ ಕೋಡನ್ನು ಬಚ್ಚಿಡುವುದು, ನಾಶಪಡಿಸುವುದು, ತಿದ್ದುವುದು 65ರ ವಿಷಯ. ಗೇಮಿನ ಕೋಡಿಗೆ ಅದನ್ನು ಹಚ್ಚಲು ಹೊರಟರೆ ಎದುರು ವಕೀಲರಿಗೆ ಅಂದು ಹಬ್ಬ.

ಚಿತ್ರಗುಪ್ತ:

ಬೆಂಗಳೂರಿನ ಒಂದು ಸ್ಟುಡಿಯೊದಲ್ಲಿ ಗೇಮುಗಳಿಗೆ ಚಿತ್ರ ಬರೆಯುವುದು ನನ್ನ ಕೆಲಸ. ಆದ್ದರಿಂದ ನಿದ್ದೆಗೇಡಿ ಅವರ ಒಂದು ರೂಪಾಯಿಯೂ ಕಡಿಮೆಯಾಗಿಲ್ಲ ಎಂಬ ಲೆಕ್ಕಕ್ಕೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ನಮ್ಮದು ಉತ್ತರ ಕನ್ನಡ. ಚಿಕ್ಕವನಿದ್ದಾಗ ಯಕ್ಷಗಾನದ ರಾತ್ರಿಗಳಲ್ಲಿ ಚೌಕಿಗೆ ನುಗ್ಗಿ, ಅರ್ಧ ಬಣ್ಣ ಬಳಿದುಕೊಂಡು ಕಾಲು ಚಾಚಿ ಬೀಡಿ ಸೇದುತ್ತಿದ್ದ ರಾಕ್ಷಸ ವೇಷವನ್ನು ನೋಡಿ ನಾವು ಹುಡುಗರು ನಗುತ್ತಿದ್ದೆವು. ಅದೇ ವೇಷ ನಡುರಾತ್ರಿ ದೊಂದಿ ಹಿಡಿದು ರಂಗಕ್ಕೆ ಬಂದಾಗ ಅಮ್ಮನ ಸೆರಗಿನ ಹಿಂದೆ ಅಡಗುತ್ತಿದ್ದವರೂ ನಾವೇ. ಜಿಟಿಎ 6ರ ತುಣುಕುಗಳು ಚೌಕಿಯ ನೋಟ. ಅದನ್ನು ನೋಡಿದ ಕೆಲವರು, ಗೇಮು ಮಾಡುವವರು ಗ್ರಾಫಿಕ್ಸನ್ನೇ ಮೊದಲು ಮುಗಿಸುತ್ತಾರೆ, ಆದ್ದರಿಂದ ಇದೇ ಕೊನೆಯ ರೂಪ ಎಂದು ತೀರ್ಪು ಕೊಟ್ಟರು. ಇದಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಇರಲಾರದು. ಬೇರೆ ಬೇರೆ ಕಂಪನಿಗಳ ಡೆವಲಪರುಗಳು ಮರುಕ್ಷಣವೇ ತಮ್ಮ ಹೆಸರಾಂತ ಗೇಮುಗಳ ಮೊದಮೊದಲ ತುಣುಕುಗಳನ್ನು, ಅಂದರೆ ಬೂದುಬಣ್ಣದ ಪೆಟ್ಟಿಗೆಗಳ ನಡುವೆ ಬಣ್ಣವಿಲ್ಲದ ಗೊಂಬೆಗಳು ಓಡಾಡುವ ವಿಡಿಯೊಗಳನ್ನು, ತಾವಾಗಿಯೇ ಹಂಚಿಕೊಂಡು ಆ ತೀರ್ಪನ್ನು ಗೇಲಿ ಮಾಡಿದರು. ಅಷ್ಟೂ ಗದ್ದಲದಲ್ಲಿ ನನಗೆ ಹಿಡಿಸಿದ್ದು ಅದೊಂದೇ.

ಇನ್ನು ನಷ್ಟದ ಮಾತು. ಆ ತುಣುಕುಗಳನ್ನು ಕದ್ದ ಹುಡುಗನ ಪ್ರಕರಣ ಲಂಡನ್ನಿನ ನ್ಯಾಯಾಲಯದಲ್ಲಿ ನಡೆದಾಗ, ಚೇತರಿಸಿಕೊಳ್ಳಲು 50 ಲಕ್ಷ ಡಾಲರ್ ಮತ್ತು ಸಿಬ್ಬಂದಿಯ ಸಾವಿರಾರು ಗಂಟೆಗಳ ಕೆಲಸ ತಗುಲಿತೆಂದು ರಾಕ್‌ಸ್ಟಾರ್ ತಿಳಿಸಿತು. ಆ ಗಂಟೆಗಳು ಯಾರವು ಎಂದು ಯೋಚಿಸಿ. 2024ರ ಏಪ್ರಿಲ್‌ನಿಂದ ವಾರಕ್ಕೆ ಐದು ದಿನ ಕಚೇರಿಗೇ ಬನ್ನಿ ಎಂದು ಆ ಕಂಪನಿ ಸಿಬ್ಬಂದಿಗೆ ಹೇಳಿದಾಗ ಕೊಟ್ಟ ಕಾರಣಗಳಲ್ಲಿ ಭದ್ರತೆಯೂ ಒಂದು. ಬೆಂಗಳೂರಿನಲ್ಲಿ 1997ರಲ್ಲಿ ಹುಟ್ಟಿದ ಧ್ರುವ ಇಂಟರ್‌ಯಾಕ್ಟಿವ್ ಸ್ಟುಡಿಯೊವನ್ನು 2019ರಲ್ಲಿ ಕೊಂಡು ತನ್ನ ಬೆಂಗಳೂರು ಶಾಖೆಗೆ ಸೇರಿಸಿಕೊಂಡದ್ದು ಇದೇ ರಾಕ್‌ಸ್ಟಾರ್. ಇಂಗ್ಲೆಂಡಿನ ಹೋಟೆಲ್ ಕೋಣೆಯೊಂದರಲ್ಲಿ ಜಾಮೀನಿನ ಮೇಲಿದ್ದ ಆ ಹದಿಹರೆಯದ ಹುಡುಗ, ಟಿವಿಯನ್ನು ಅಂತರ್ಜಾಲಕ್ಕೆ ಜೋಡಿಸುವ ಅಮೆಜಾನ್ ಫೈರ್ ಸ್ಟಿಕ್ ಸಿಕ್ಕಿಸಿಕೊಂಡು ನಡೆಸಿದ ಸಾಹಸದ ಬೆಲೆಯನ್ನು ಕೊನೆಗೆ ಕಟ್ಟುವವರು ಯಾವ ಮಾಲೀಕರೂ ಅಲ್ಲ, ಕೆಲಸಗಾರರು.

ನಾನು ಹಿಂದೆ ದುಡಿಯುತ್ತಿದ್ದ ಒಂದು ಕಡೆ, ಯಾರೋ ಹೊರಗೆ ಬಿಟ್ಟ ಒಂದೇ ಒಂದು ಚಿತ್ರಕ್ಕಾಗಿ ಅಷ್ಟೂ ಜನರ ಫೋನುಗಳನ್ನು ಬಾಗಿಲಲ್ಲೇ ಡಬ್ಬಿಗೆ ಹಾಕಿಸುವ ನಿಯಮ ಬಂತು. ಅಪ್ಪ ಆಸ್ಪತ್ರೆಯಲ್ಲಿದ್ದ ಎರಡು ವಾರವೂ ನಾನು ಗಂಟೆಗೊಮ್ಮೆ ಮೆಟ್ಟಿಲಿಳಿದು ಹೋಗಿ ಫೋನ್ ನೋಡಿ ಬರುತ್ತಿದ್ದೆ.

ನಿದ್ದೆಗೇಡಿ:

ನಿಮ್ಮ ತಂದೆಯವರ ವಿಷಯ ಓದಿ ಬೇಸರವಾಯಿತು, ಅಣ್ಣಾ. ಆದರೆ ಫೋನ್ ಕಸಿದುಕೊಂಡದ್ದು ಸೋರಿಕೆ ನೋಡಿದ ನಾನಲ್ಲ, ನಿಮ್ಮ ಮೇಲಿನವರು. ಅವರ ಮೇಲೆ ತೋರಿಸಬೇಕಾದ ಸಿಟ್ಟನ್ನು ನನ್ನ ಮೇಲೆ ತೋರಿಸುತ್ತಿದ್ದೀರಿ.

ಚಿತ್ರಗುಪ್ತ:

ಇಬ್ಬರ ಮೇಲೂ ತೋರಿಸುವಷ್ಟು ಸಿಟ್ಟು ನನ್ನಲ್ಲಿ ದಾಸ್ತಾನಿದೆ, ಚಿಂತೆ ಬೇಡ.

ಮಾಡ್ ಮಾದ:

ಎಲ್ಲರೂ ನ್ಯಾಯಾಧೀಶರಾಗಿರುವ ಈ ಚರ್ಚೆಯಲ್ಲಿ ಆರೋಪಿಯ ಕಟಕಟೆಗೆ ನಾನೇ ಬಂದು ನಿಲ್ಲುತ್ತೇನೆ. ಹಾಫ್-ಲೈಫ್ 2ರ ಸೋರಿಕೆಯನ್ನು ನಾನು ನೋಡಿದ್ದೇನೆ, ಒಮ್ಮೆ ಅಲ್ಲ, ಸುಮಾರು ಹತ್ತು ವರ್ಷ ಕಾಲ.

ಆ ಸೋರಿಕೆಯಲ್ಲಿ ಕೋಡ್ ಮಾತ್ರವಲ್ಲ, ಗೇಮು ಬೆಳೆದು ಬಂದ ದಾರಿಯ ಸಾವಿರಕ್ಕೂ ಹೆಚ್ಚು ನಕ್ಷೆಗಳು, ಅಂದರೆ ಆಟ ನಡೆಯುವ ತಾಣಗಳ ವಿನ್ಯಾಸಗಳು, ಇದ್ದವು. ಬಿಡುಗಡೆಯಾದ ಗೇಮಿನಲ್ಲಿ ಇಲ್ಲದ ಬೋರಿಯಾಲಿಸ್ ಎಂಬ ಹಿಮಭಂಜಕ ಹಡಗು, ಗಾಳಿಯನ್ನೇ ಬದಲಿಸುವ ಏರ್ ಎಕ್ಸ್‌ಚೇಂಜ್ ಎಂಬ ಕಾರ್ಖಾನೆ, ನೀಲಿ ಗಾಜಿನಂಥ ಹೈಡ್ರಾ ಎಂಬ ಜೀವಿ, ಹೀಗೆ ಕೈಬಿಟ್ಟದ್ದೇ ಇನ್ನೊಂದು ಗೇಮಿಗಾಗುವಷ್ಟಿತ್ತು. ಮಂಜು ಕವಿದ, ಇನ್ನೂ ಕತ್ತಲೆಯಾದ ಒಂದು ಲೋಕವನ್ನು ಅವರು ಮೊದಲು ಕಲ್ಪಿಸಿದ್ದರು. ಅದನ್ನು ಇಷ್ಟಪಟ್ಟ ಅಭಿಮಾನಿಗಳು ಮಿಸ್ಸಿಂಗ್ ಇನ್ಫರ್ಮೇಶನ್, ಡಾರ್ಕ್ ಇಂಟರ್‌ವಲ್ ಮುಂತಾದ ಮಾಡ್‌ಗಳನ್ನು, ಅಂದರೆ ಇದ್ದ ಗೇಮನ್ನು ಮಾರ್ಪಡಿಸಿದ ತಮ್ಮದೇ ರೂಪಗಳನ್ನು, ವರ್ಷಗಟ್ಟಲೆ ದುಡಿದು ಕಟ್ಟಿದರು. ಒಂದು ಕೋಣೆಯಲ್ಲಿ ದೀಪವನ್ನು ಎಲ್ಲಿಟ್ಟರೆ ಆಟಗಾರ ಆ ಕಡೆಗೆ ನಡೆಯುತ್ತಾನೆ ಎಂಬ ಪಾಠವನ್ನು ನಾನು ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ. ಅವರು ಬರೆದು ಅಳಿಸಿದ ನಕ್ಷೆಗಳನ್ನು ಒಂದರ ಪಕ್ಕ ಒಂದಿಟ್ಟು ಕಲಿತೆ. ಕವಿಯ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಓದುವ ವಿದ್ವಾಂಸರನ್ನು ಯಾರೂ ಕಳ್ಳರೆನ್ನುವುದಿಲ್ಲವಲ್ಲ?

ಬೈಟು ಕಾಫಿ:

ಹಸ್ತಪ್ರತಿಯನ್ನು ಕವಿಯ ಮನೆಯವರು ಕೊಟ್ಟಿರುತ್ತಾರೆ, ಮಾದ ಅವರೇ. ಕವಿ ಇನ್ನೂ ಬರೆಯುತ್ತಿರುವಾಗ ಕಿಟಕಿಯಿಂದ ಕೈಹಾಕಿ ಎಳೆದುಕೊಂಡದ್ದಕ್ಕೆ ಆ ಹೋಲಿಕೆ ಒಗ್ಗುವುದಿಲ್ಲ.

ಇನ್ನೊಂದು ಅಪಾಯವಿದೆ, ಅಭಿಮಾನಿಗಳು ಇದನ್ನು ಯೋಚಿಸುವುದೇ ಇಲ್ಲ. ನಕ್ಷೆ ನೋಡುವುದು ಬೇರೆ, ಕೋಡ್ ಓದುವುದು ಬೇರೆ. ಕದ್ದ ಕೋಡನ್ನು ಓದಿದ ಪ್ರೋಗ್ರಾಮರ್ ಮುಂದೆ ಅಂಥದ್ದೇ ಕೆಲಸ ಮಾಡಿದರೆ, ಅವನು ಸ್ವಂತ ಬುದ್ಧಿಯಿಂದ ಬರೆದದ್ದೂ ಅನುಮಾನಕ್ಕೆ ಗುರಿಯಾಗುತ್ತದೆ. 2004ರ ಫೆಬ್ರವರಿಯಲ್ಲಿ ವಿಂಡೋಸ್ 2000ದ ಕೋಡಿನ ಒಂದು ಭಾಗ ಹೀಗೆಯೇ ಸೋರಿತು. ವಿಂಡೋಸಿಗೆ ಹೊಂದುವ ವ್ಯವಸ್ಥೆಯನ್ನು ಸ್ವತಂತ್ರವಾಗಿ ಕಟ್ಟುತ್ತಿದ್ದ ರಿಯಾಕ್ಟ್‌ಒಎಸ್ ತಂಡದವರು, ತಮ್ಮಲ್ಲಿ ಯಾರೋ ನಕಲು ಮಾಡಿದ್ದಾರೆಂಬ ಮಾತು ಹಬ್ಬಿದ್ದಕ್ಕೆ 2006ರಲ್ಲಿ ಕೆಲಸವನ್ನು ತಡೆದು ತಮ್ಮ ಇಡೀ ಕೋಡನ್ನು ತಾವೇ ತಪಾಸಣೆಗೆ ಒಡ್ಡಿಕೊಳ್ಳಬೇಕಾಯಿತು. ಕೆಲಸಕ್ಕೆ ಸೇರುವ ಹುಡುಗರಿಗೆ ನಾನು ಹೇಳುವುದು ಇದನ್ನೇ: ನಿಮಗೆ ನೀತಿಯ ಮಾತು ಬೇಡವಾದರೆ ಬಿಡಿ, ಹೊಟ್ಟೆಪಾಡಿಗಾದರೂ ಅದನ್ನು ತೆರೆಯಬೇಡಿ.

ಮಾಡ್ ಮಾದ:

ಕೋಡನ್ನು ನಾನು ಓದಿಲ್ಲ, ಓದಿದರೂ ತಿಳಿಯುತ್ತಿರಲಿಲ್ಲ. ಉಳಿದದ್ದರಲ್ಲಿ ನಿಮ್ಮ ವಾದ ಸರಿ, ನನ್ನ ಪ್ರೀತಿಯೂ ಸುಳ್ಳಲ್ಲ. 2024ರ ನವೆಂಬರಿನಲ್ಲಿ, ಗೇಮಿಗೆ 20 ವರ್ಷ ತುಂಬಿದಾಗ ವಾಲ್ವ್ ಹೊರತಂದ ಸಾಕ್ಷ್ಯಚಿತ್ರದಲ್ಲಿ ಅವರೇ ತಮ್ಮ ಕೈಬಿಟ್ಟ ಕೆಲಸವನ್ನೂ ಕಳವಿನ ದಿನಗಳನ್ನೂ ಬಿಚ್ಚಿಟ್ಟು ಮಾತಾಡಿದರು. ಅವರು ಅದನ್ನು ತಾವಾಗಿ ತೋರಿಸಿದ ಆ ಎರಡು ಗಂಟೆ, ನಾನು ಕದ್ದು ನೋಡಿದ ಹತ್ತು ವರ್ಷಕ್ಕಿಂತ ಹಿತವಾಗಿತ್ತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ತುಂಗಾತೀರ:

ಎಲ್ಲರೂ ಕಣ್ಣೀರು ಒರೆಸಿಕೊಂಡದ್ದಾದರೆ ನನ್ನ ಪ್ರಶ್ನೆಗೆ ಬನ್ನಿ. ಸೋರಿಕೆಯಾಗದೇ ಇದ್ದಿದ್ದರೆ ಸೆಪ್ಟೆಂಬರ್ 30 ಎಂಬುದು ಬರೀ ಬಣ್ಣದ ಮಾತೆಂದು ನಮಗೆ ತಿಳಿಯುತ್ತಿತ್ತೇ? ಅಷ್ಟರ ಮಟ್ಟಿಗೆ ಕಳ್ಳನಿಂದ ಉಪಕಾರವಾಗಿದೆ.

ಹೊರನಾಡು:

ತಿಳಿಯುತ್ತಿತ್ತು, ಅಕ್ಟೋಬರ್ 1ರಂದು ಅಂಗಡಿಗೆ ಹೋದ ಯಾರಿಗಾದರೂ.

ಅದಿರಲಿ, ಕಳ್ಳ ಸಿಕ್ಕ ಕತೆಯನ್ನು ಯಾರೂ ಹೇಳಲಿಲ್ಲ. ನ್ಯೂವೆಲ್ ಕರೆಗೆ ಅಭಿಮಾನಿಗಳು ಓಗೊಟ್ಟದ್ದು ನಿಜ. ಕೋಡ್ ಕೈಯಿಂದ ಕೈಗೆ ಸಾಗಿದ ಚಾಟ್ ಕೋಣೆಗಳ ದಾಖಲೆಗಳನ್ನು ಹೆಕ್ಕಿ ಹೆಕ್ಕಿ ಕಳುಹಿಸಿದರು. 2004ರಲ್ಲಿ ಬಂಧನಗಳ ಸುದ್ದಿ ಹೊರಬಿದ್ದಾಗ ನ್ಯೂವೆಲ್ ಅವರು ಆಟಗಾರರ ಜಾಣ್ಮೆಯನ್ನು ಬಾಯ್ತುಂಬ ಹೊಗಳಿದರು. ಆದರೆ ಒಳಗೆ ನುಗ್ಗಿದ ಮುಖ್ಯ ವ್ಯಕ್ತಿ, ಜರ್ಮನಿಯ ಸಣ್ಣ ಊರೊಂದರ ಯುವಕ, 2004ರ ಆರಂಭದಲ್ಲಿ ತಾನೇ ನ್ಯೂವೆಲ್ ಅವರಿಗೆ ಅಂಚೆ ಬರೆದು ಒಪ್ಪಿಕೊಂಡ. ಒಳಹೊಕ್ಕದ್ದು ನಾನು, ಆದರೆ ಜಗತ್ತಿಗೆ ಹಂಚಿದ್ದು ನಾನಲ್ಲ ಎಂಬುದು ಅವನ ವಾದ. ಅಷ್ಟೇ ಆಗಿದ್ದರೂ ನಂಬಲು ಕಷ್ಟವಾಗುತ್ತಿತ್ತು. ಅವನು ಮುಂದುವರಿದು, ನಿಮ್ಮಲ್ಲಿ ನನಗೊಂದು ಕೆಲಸ ಸಿಗಬಹುದೇ ಎಂದು ಕೇಳಿದ! ವಾಲ್ವ್ ಅವನೊಂದಿಗೆ ಫೋನಿನಲ್ಲಿ ಸಂದರ್ಶನವನ್ನೂ ನಡೆಸಿತು. ಸಂದರ್ಶನದ ನೆಪದಲ್ಲಿ ಅಮೆರಿಕಕ್ಕೆ ಕರೆಸಿಕೊಂಡು ಎಫ್‌ಬಿಐ ಕೈಗೆ ಒಪ್ಪಿಸುವುದು ಯೋಜನೆ. ಅವನು ವಿಮಾನ ಹತ್ತುವ ಮೊದಲೇ, 2004ರ ಮೇ ತಿಂಗಳಲ್ಲಿ, ಜರ್ಮನ್ ಪೊಲೀಸರು ಅವನನ್ನು ಮನೆಯಲ್ಲೇ ಹಿಡಿದರು. 2006ರಲ್ಲಿ ಅಲ್ಲಿನ ನ್ಯಾಯಾಲಯವು ಜೈಲಿಗೆ ಕಳುಹಿಸದೆ ಎರಡು ವರ್ಷದ ಪ್ರೊಬೇಷನ್ ವಿಧಿಸಿತು.

ಒಂದೇ ಸಾಲು:

ಕನ್ನ ಹಾಕಿದ ಮನೆಗೇ ಮರುದಿನ ಕೆಲಸ ಕೇಳಿಕೊಂಡು ಹೋಗುವವನು ಕಳ್ಳನಲ್ಲ, ಅಭಿಮಾನಿಯೇ ಸರಿ.

ಚಿತ್ರಗುಪ್ತ:

ತಮಾಷೆಗೆ ಹೇಳಿದರೂ ಒಂದೇ ಸಾಲು ಅವರ ಮಾತು ತಮಾಷೆಯದಲ್ಲ. 2003ರಲ್ಲಿ ಕದ್ದವನು ಆ ಗೇಮನ್ನು ಎಲ್ಲರಿಗಿಂತ ಮೊದಲು ನೋಡಬೇಕೆಂಬ ಆಸೆಬುರುಕ. ಇಂದು ಬರುವವರು ಹಾಗಿಲ್ಲ. 2023ರ ಡಿಸೆಂಬರಿನಲ್ಲಿ ಇನ್ಸಾಮ್ನಿಯಾಕ್ ಎಂಬ ಗೇಮ್ ಸ್ಟುಡಿಯೊಗೆ ನುಗ್ಗಿದ ರೈಸಿಡಾ ಎಂಬ ಹ್ಯಾಕರ್ ತಂಡ ಕೇಳಿದ್ದು 50 ಬಿಟ್‌ಕಾಯಿನ್. ಅಂದಿನ ಬೆಲೆಯಲ್ಲಿ ಸುಮಾರು 20 ಲಕ್ಷ ಡಾಲರ್. ಹಣ ಬರದಿದ್ದಾಗ 13 ಲಕ್ಷಕ್ಕೂ ಹೆಚ್ಚು ಕಡತಗಳನ್ನು ಸುರಿದುಬಿಟ್ಟರು. ಅದರಲ್ಲಿ ಬಿಡುಗಡೆಗೆ ಇನ್ನೂ ಎಷ್ಟೋ ದೂರವಿದ್ದ ವುಲ್ವರಿನ್ ಗೇಮಿನ ಅರೆಬೆಂದ ಆವೃತ್ತಿಯಿತ್ತು, ಅದರ ಜೊತೆಗೇ ನೌಕರರ ಪಾಸ್‌ಪೋರ್ಟಿನ ಪ್ರತಿಗಳೂ ಇದ್ದವು. ಅಭಿಮಾನಿಗಳು ಒಂದನ್ನು ಆಡಿ ವಿಡಿಯೊ ಹಾಕಿದರು. ಇನ್ನೊಂದರ ಬಗ್ಗೆ ಬಹಳ ಮಂದಿ ಒಂದು ಮಾತೂ ಎತ್ತಲಿಲ್ಲ.

ನಿದ್ದೆಗೇಡಿ:

ಪಾಸ್‌ಪೋರ್ಟಿನ ಸಂಗತಿ ನನಗೆ ಗೊತ್ತಿರಲಿಲ್ಲ. ವುಲ್ವರಿನ್ ಆಡಿದ ವಿಡಿಯೊ ನೋಡಿದ್ದೆ, ಅಳಿಸುವಷ್ಟರಲ್ಲಿ ಎರಡು ಸಲ ನೋಡಿದ್ದೆ. ಅದು ಬಂದದ್ದು ಅದೇ ಮೂಟೆಯಿಂದ ಎಂದು ತಿಳಿದಿದ್ದರೆ ನೋಡುತ್ತಿರಲಿಲ್ಲ ಎಂದು ಬರೆಯಲು ಹೊರಟೆ, ಆದರೆ ಖಂಡಿತವಾಗಿ ಹೇಳಲಾರೆ. ಬಹುಶಃ ಒಂದು ಸಲ ನೋಡುತ್ತಿದ್ದೆ.

ಆದರೂ ಜಿಟಿಎ ವಿಷಯದಲ್ಲಿ ನನ್ನ ಮಾತು ಹಿಂತೆಗೆದುಕೊಳ್ಳುವುದಿಲ್ಲ.

ತುಂಗಾತೀರ:

ಭಲೆ! ನಾನೂ ಹಿಂತೆಗೆದುಕೊಳ್ಳುವುದಿಲ್ಲ. ಚಿತ್ರಗುಪ್ತ ಅವರ ಸಹೋದ್ಯೋಗಿಗಳ ಬಗ್ಗೆ ನನಗೆ ಮರುಕವಿದೆ. ಸುಳ್ಳು ದಿನಾಂಕ ಹೇಳುವವರ ಬಗ್ಗೆ ಇಲ್ಲ. ಇವೆರಡನ್ನೂ ಒಂದೇ ಕಂಪನಿಯ ಹೆಸರಿನಡಿ ಕಟ್ಟಿ, ಬೈದರೆ ಇಬ್ಬರನ್ನೂ ಬೈದಂತೆ ಎಂದು ನಮ್ಮ ಬಾಯಿ ಮುಚ್ಚಿಸಬೇಡಿ.

ಚಿತ್ರಗುಪ್ತ:

ಈ ಮಾತಿಗೆ ನನ್ನ ತಕರಾರಿಲ್ಲ. ದಿನಾಂಕ ಘೋಷಿಸುವಾಗ ನಮ್ಮನ್ನೂ ಯಾರೂ ಕೇಳುವುದಿಲ್ಲ. ಎಷ್ಟೋ ಸಲ ನಮಗೂ ಅದು ಟ್ರೈಲರಿನಿಂದಲೇ ತಿಳಿಯುತ್ತದೆ.

ಹಳೆಯ ಮೌಸು:

ಪ್ರಶ್ನೆ ಕೇಳಿದವನು ಉತ್ತರಿಸದೆ ಕುಳಿತಿದ್ದೇನೆಂದು ಯಾರೂ ಗಮನಿಸಲಿಲ್ಲ, ನೆಮ್ಮದಿಯಾಯಿತು. ಆದರೆ ನಿದ್ದೆಗೇಡಿ ಅವರು ಅಷ್ಟು ನೇರವಾಗಿ ಬರೆದ ಮೇಲೆ ನಾನು ಮುಚ್ಚಿಡುವುದು ಸರಿಯಲ್ಲ.

2004ರ ಸಂಕ್ರಾಂತಿಯ ರಜೆಯಲ್ಲಿ ಬೆಂಗಳೂರಿಗೆ ಹೋಗಿದ್ದಾಗ, ಗಾಂಧಿನಗರದ ಒಂದು ಮಳಿಗೆಯಲ್ಲಿ ಹಾಫ್-ಲೈಫ್ 2 ಎಂದು ಜೆರಾಕ್ಸ್ ಹೊದಿಕೆ ಹಾಕಿದ ಸಿಡಿಗಳನ್ನು ಕಂಡೆ. ಬಿಡುಗಡೆಯೇ ಆಗದ ಗೇಮು ಇಲ್ಲಿ ಹೇಗೆ ಬಂತೆಂದು ಅಂಗಡಿಯವನನ್ನು ಕೇಳಲಿಲ್ಲ. ನನಗೆ ಉತ್ತರ ಗೊತ್ತಿತ್ತು. ಕೊಂಡೆ. ಹಾಸ್ಟೆಲಿನಲ್ಲಿ ರಾತ್ರಿ ಬಾಗಿಲು ಹಾಕಿಕೊಂಡು ನಾಲ್ವರೂ ಕುಳಿತೆವು. ಹೆಚ್ಚಿನ ನಕ್ಷೆಗಳು ತೆರೆಯುತ್ತಲೇ ಇರಲಿಲ್ಲ. ತೆರೆದ ಒಂದರಲ್ಲಿ, ಮೇಳದ ವಿಡಿಯೊದಲ್ಲಿ ಕಂಡಿದ್ದ ಬೀದಿಯೇ ಇತ್ತು, ಆದರೆ ಜನರು ಎಲ್ಲಿ ನಿಲ್ಲಿಸಿದ್ದರೋ ಅಲ್ಲೇ ನಿಂತಿದ್ದರು. ಎದುರಿಗೆ ಹೋದರೂ ನಮ್ಮ ಕಡೆ ತಿರುಗಲಿಲ್ಲ. ಸುಮಾರು ಒಂದು ಗಂಟೆಯಾದ ಮೇಲೆ ನಮ್ಮಲ್ಲೊಬ್ಬ, "ಮೋಸ ಮಾಡಿದರು ಕಣ್ರೋ" ಎಂದ. ಯಾರು ಮೋಸ ಮಾಡಿದ್ದು, ವಾಲ್ವ್ ಕಂಪನಿಯೋ ಅಂಗಡಿಯವನೋ ಎಂದು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನಾವೂ ಅದರಲ್ಲಿ ಪಾಲುದಾರರೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ನಿಜವಾದ ಗೇಮನ್ನು ಆಡಿದ್ದು ಕೆಲಸ ಸಿಕ್ಕ ಮೇಲೆ, 2006ರಲ್ಲಿ, ದುಡ್ಡು ಕೊಟ್ಟು. ಮೊದಲ ರೈಲು ನಿಲ್ದಾಣದಲ್ಲಿ ಇಳಿದಾಗ ಅಲ್ಲಿದ್ದವನೊಬ್ಬ ತಾನಾಗಿ ನನ್ನ ಕಡೆ ತಿರುಗಿ ನೋಡಿದ. ನಾನು ಬೆಚ್ಚಿ ಮೌಸು ಕೈಬಿಟ್ಟೆ.

ಮಾಡ್ ಮಾದ:

ಮೌಸು ಅವರೇ, ಆ ಸಿಡಿಗಳು ಇನ್ನೂ ಇವೆಯೇ? ಅದರಲ್ಲಿದ್ದ ಕಡತಗಳ ದಿನಾಂಕ ನೋಡಿ ಹೇಳಿದರೆ ಅದು ಯಾವ ಆವೃತ್ತಿಯೆಂದು ತಿಳಿಯಬಹುದು.

ಕಪ್ಪುಕೋಟು:

ಉತ್ತರಿಸುವ ಮೊದಲು ನನ್ನ ಮೇಲಿನ ಬರಹವನ್ನು ಇನ್ನೊಮ್ಮೆ ಓದಿಕೊಳ್ಳುವುದು ಒಳಿತು.

ಹಳೆಯ ಮೌಸು:

ವಕೀಲರ ಸಲಹೆಯಂತೆ, ಅಟ್ಟದ ಮೇಲಿನ ಟ್ರಂಕಿನಲ್ಲಿ ಏನಿದೆಯೋ ನನಗೆ ನೆನಪಿಲ್ಲ. ಮನೆಯಲ್ಲಿ ಸಿಡಿ ಓದುವ ಯಂತ್ರವೂ ಈಗಿಲ್ಲ.